1969ರ ಎಫ್‌ಸಿ 150 ಪಿಕಪ್‌ಗೆ ಪೂರ್ತಿ ಹೊಸ ವೈರಿಂಗ್: ಕಿಟ್ ತರಿಸಲಾ, ಇಲ್ಲೇ ಕಟ್ಟಿಸಲಾ?

ಮೂಡಿಗೆರೆ ತೋಟ:
ಎಲ್ಲರಿಗೂ ನಮಸ್ಕಾರ. ನಮ್ಮ ತೋಟದಲ್ಲಿ ತಾತ ಕೊಂಡ 1969ರ ಮಹೀಂದ್ರಾ ಎಫ್‌ಸಿ 150 ಪಿಕಪ್ ಇದೆ. ಪೆಟ್ರೋಲ್ ಗಾಡಿ, ಹರಿಕೇನ್ ಎಂಜಿನ್, 12 ವೋಲ್ಟ್, ಲೂಕಾಸ್ ಡೈನಮೋ. ಬಹಳ ವರ್ಷ ಶೆಡ್‌ನಲ್ಲೇ ನಿಂತಿತ್ತು. ಈಗ ಎಂಜಿನ್, ಬ್ರೇಕ್ ಕೆಲಸ ಎಲ್ಲಾ ಆಗಿದೆ.

ವೈರಿಂಗ್ ಮಾತ್ರ ನೋಡುವ ಹಾಗಿಲ್ಲ. ಬಟ್ಟೆ ಸುತ್ತಿದ ಹಳೇ ವೈರು, ಬಗ್ಗಿಸಿದರೆ ಒಳಗಿನ ರಬ್ಬರ್ ಪುಡಿಯಾಗಿ ಉದುರುತ್ತದೆ. ಡ್ಯಾಶ್‌ಬೋರ್ಡ್ ಹಿಂದೆ ಇಲಿ ಕಡಿದಿದೆ. ನಡುನಡುವೆ ಯಾರೋ ಮನೆ ವೈರಿಂಗ್‌ನ ಕೆಂಪು ವೈರ್ ಸೇರಿಸಿ ಟೇಪ್ ಸುತ್ತಿದ್ದಾರೆ. ಇಂಡಿಕೇಟರ್ ಹಾಕಿದರೆ ಹಿಂದಿನ ಬ್ರೇಕ್ ಲೈಟೂ ಮಿಣಮಿಣ ಅನ್ನುತ್ತದೆ. ಹೆಡ್‌ಲೈಟ್ ಬೆಳಕು ಮೊಂಬತ್ತಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ.

ನಮ್ಮ ಗಾಡಿಯ ಅಮೆರಿಕನ್ ಮೂಲವಾದ ವಿಲ್ಲಿಸ್ ಎಫ್‌ಸಿಯ ರೆಡಿ ಹಾರ್ನೆಸ್ ಕಿಟ್ (ಅಳತೆಗೆ ಕಟ್ಟಿಟ್ಟ ಪೂರ್ತಿ ವೈರಿನ ಕಟ್ಟು) ಅಲ್ಲಿಂದ ತರಿಸಬಹುದು ಅಂತ ಒಬ್ಬರು ಹೇಳಿದರು. ಬೆಲೆ ಕೇಳಿ ಗಾಬರಿಯಾಯಿತು. ಇಲ್ಲೇ ಮಾಡಿಸಿದರೆ ಸರಿಹೋಗುತ್ತದಾ? ಎಲ್ಲಿಂದ ಶುರು ಮಾಡಬೇಕು?

ಜೀಪ್ ಹುಚ್ಚ:
ಕಿಟ್ ತರಿಸಬೇಡಿ ಸರ್. ಅದು ಎಡಗಡೆ ಸ್ಟೀರಿಂಗ್ ಗಾಡಿಯದು. ನಮ್ಮದು ಬಲಗಡೆ. ಸ್ವಿಚ್ಚು, ಸ್ಟಾಪ್ ಲೈಟ್, ಡಿಪ್ಪರ್ ಎಲ್ಲಾ ಆ ಕಡೆ ಈ ಕಡೆ ಆಗಿರುತ್ತವೆ. ಒಂದು ಕಡೆ ವೈರ್ ಸಾಲುವುದಿಲ್ಲ, ಇನ್ನೊಂದು ಕಡೆ ಮೊಳದುದ್ದ ಮಿಗುತ್ತದೆ. ಬೇಕಾದ ಸಾಮಾನೆಲ್ಲ ಬೆಂಗಳೂರಿನ ಜೆ.ಸಿ. ರೋಡ್‌ನಲ್ಲೇ ಸಿಗುತ್ತದೆ.

ಹಾಸನ ವೈರ್‌ಮನ್:
ನಾನು ಹಾಸನದಲ್ಲಿ ಲಾರಿ, ಜೀಪು, ಟ್ರ್ಯಾಕ್ಟರ್ ವೈರಿಂಗ್ ಮಾಡಿಕೊಂಡೇ ತಲೆ ನರೆತವನು. ಅಂಗಡಿ ಈಗ ಮಗ ನೋಡಿಕೊಳ್ಳುತ್ತಾನೆ. ಕೇಳಿದ್ದಕ್ಕೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಇಲ್ಲೇ ಕಟ್ಟಿ. ಆದರೆ ಹಳೇ ಹಾರ್ನೆಸ್ಸನ್ನು ಕಟರ್ ಹಿಡಿದು ಕತ್ತರಿಸಿ ಬಿಸಾಕಬೇಡಿ. ಅದೇ ನಿಮ್ಮ ನಕ್ಷೆ. ಪ್ರತಿ ತುದಿಗೂ ಚೀಟಿ ಕಟ್ಟಿ, ಫೋಟೋ ಹೊಡೆದು, ಇಡಿಯಾಗಿ ಹೊರಗೆ ತೆಗೆಯಿರಿ. ಒಂದು ಪ್ಲೈವುಡ್ ಹಲಗೆ ಮೇಲೆ ಹರಡಿ. ತಿರುವು ಇರುವ ಕಡೆ, ಕವಲು ಒಡೆಯುವ ಕಡೆ ಮೊಳೆ ಹೊಡೆಯಿರಿ. ಹೊಸ ವೈರನ್ನು ಅದೇ ಮೊಳೆಗಳ ಗುಂಟ ಎಳೆದರೆ ಅಳತೆ ತಾನಾಗೇ ಬರುತ್ತದೆ. ಪ್ರತಿ ತುದಿಯಲ್ಲಿ ಒಂದು ಗೇಣು ಜಾಸ್ತಿ ಬಿಡಿ. ಹಿಂದಕ್ಕೆ ಹೋಗುವ ಕಟ್ಟಿನಲ್ಲಿ ಸುಮ್ನೆ ಒಂದು ಖಾಲಿ ವೈರ್ ಸೇರಿಸಿಡಿ. ರಿವರ್ಸ್ ಲೈಟ್ ಬೇಕು ಅಂತ ನಾಳೆ ಯಾರೋ ಹೇಳೇ ಹೇಳುತ್ತಾರೆ.

ಮನೆ ವೈರ್ ಬೇಡವೇ ಬೇಡ. ಅದರ ಪಿವಿಸಿ ಸಾಮಾನ್ಯವಾಗಿ 70 ಡಿಗ್ರಿ ತಡೆಯುವಂಥದ್ದು. ಎಫ್‌ಸಿಯಲ್ಲಿ ಎಂಜಿನ್ ಇರುವುದು ಡ್ರೈವರ್ ಪಕ್ಕದಲ್ಲೇ, ಡಬ್ಬದೊಳಗೆ. ಆ ಕಾವು, ಆ ಆಯಿಲ್, ಆ ನಡುಕ ಮನೆ ಗೋಡೆಯಲ್ಲಿ ಇರುತ್ತದಾ? 105 ಡಿಗ್ರಿಯ ಆಟೋ ಕೇಬಲ್ ಅಂತಲೇ ಕೇಳಿ ತನ್ನಿ. ಬ್ಯಾಟರಿಯಿಂದ ಫ್ಯೂಸ್ ಬಾಕ್ಸ್‌ಗೆ 6 ಚದರ ಮಿ.ಮೀ., ಹೆಡ್‌ಲೈಟ್ ರಿಲೇಗೆ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ಚು) 2.5, ಅಲ್ಲಿಂದ ಒಂದೊಂದು ಬಲ್ಬಿಗೆ 1.5, ಪಾರ್ಕ್ ಲೈಟ್, ಇಂಡಿಕೇಟರ್‌ಗೆ 1 ಸಾಕು. ಸೆಲ್ಫ್ ಕೇಬಲ್ 35 ಹಾಕಿ.

ಬಣ್ಣಕ್ಕೆ ಲೂಕಾಸ್ ಪದ್ಧತಿ ಇಟ್ಟುಕೊಳ್ಳಿ. ಬ್ಯಾಟರಿಯಿಂದ ನೇರ ಬರುವುದು ಕಂದು, ಕೀ ಆನ್ ಮಾಡಿದರೆ ಬರುವುದು ಬಿಳಿ, ಅದೇ ಫ್ಯೂಸ್ ದಾಟಿದ ಮೇಲೆ ಹಸಿರು. ಹೆಡ್‌ಲೈಟ್ ನೀಲಿ, ಪಾರ್ಕ್ ಕೆಂಪು, ಅರ್ತ್ (ಕರೆಂಟು ಚಾಸಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಕಪ್ಪು. ಮುಂದೆ ಯಾವ ಊರಲ್ಲಿ ಗಾಡಿ ಕೈಕೊಟ್ಟರೂ ಹಳೇ ಕೈಯ ಎಲೆಕ್ಟ್ರಿಷಿಯನ್ ನಿಮ್ಮನ್ನು ಬೈಯದೆ ರಿಪೇರಿ ಮಾಡುತ್ತಾನೆ.

ಇನ್ನು ನಿಮ್ಮ ಬ್ರೇಕ್ ಲೈಟ್ ಮಿಣುಕುವುದು. ಅದು ವೈರ್ ತಪ್ಪಲ್ಲ ಸ್ವಾಮಿ, ಅರ್ತ್ ತಪ್ಪು. ಪಿಕಪ್‌ನಲ್ಲಿ ಹಿಂದಿನ ಲೈಟಿನ ಅರ್ತ್ ತುಕ್ಕು ಹಿಡಿದ ತಗಡು, ಬೋಲ್ಟು ದಾಟಿ ಚಾಸಿಗೆ ಬರಬೇಕು. ತೊಟ್ಟಿ ಕೂತಿರುವುದು ಮರದ ತುಂಡಿನ ಮೇಲೋ ರಬ್ಬರ್ ಮೇಲೋ ಆದರೆ ಕೇಳುವುದೇ ಬೇಡ. ದಾರಿ ಸಿಗದ ಕರೆಂಟು ಪಕ್ಕದ ಬಲ್ಬಿನ ಎಳೆ ಹಿಡಿದು ವಾಪಸ್ ಹೋಗುತ್ತದೆ. ಹೊಸ ವೈರಿಂಗ್ ಪೂರ್ತಿ ಹಾಕಿ ಅರ್ತ್ ಹಳೇದೇ ಬಿಟ್ಟರೆ ದುಡ್ಡು ನೀರಲ್ಲಿ ಹೋಮ. ಎಷ್ಟೋ ಗಾಡಿಯಲ್ಲಿ ಇದನ್ನೇ ನೋಡಿದ್ದೇನೆ. ಪ್ರತಿ ಲೈಟಿಗೂ ಬೇರೆ ಕಪ್ಪು ವೈರ್ ಎಳೆದು ಚಾಸಿಗೆ ತನ್ನಿ. ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿ. ಎಂಜಿನ್‌ನಿಂದ ಚಾಸಿಗೆ ದಪ್ಪ ಪಟ್ಟಿ ಇರಲೇಬೇಕು. ಅದಿಲ್ಲದಿದ್ದರೆ ಸೆಲ್ಫ್ ಹೊಡೆದಾಗ ಕರೆಂಟು ಚೋಕ್ ಕೇಬಲ್ ಮೂಲಕ ಹೋಗಿ ಅದನ್ನೇ ಸುಟ್ಟುಬಿಡುತ್ತದೆ.

ಪರೀಕ್ಷೆ ಸುಲಭ. ಲೈಟ್ ಉರಿಯುವಾಗ ಮಲ್ಟಿಮೀಟರ್‌ನ ಒಂದು ವೈರಿನ ತುದಿ ಬ್ಯಾಟರಿಯ ಅರ್ತ್ ಆದ ಕಡೆಗೆ, ಇನ್ನೊಂದು ಲೈಟಿನ ಬಾಡಿಗೆ ಇಡಿ. 0.2 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಆ ಅರ್ತ್ ಇನ್ನೂ ಸರಿಯಿಲ್ಲ.

ಮೂಡಿಗೆರೆ ತೋಟ:
ತುಂಬಾ ಉಪಕಾರ ಸರ್. ಇನ್ನೆರಡು ಸಂಶಯ. ಹೆಡ್‌ಲೈಟಿಗೆ ರಿಲೇ ಬೇಕೇ ಬೇಕಾ? ಹಳೇ ಸ್ವಿಚ್ ಹಾಗೇ ಉಳಿಸಿಕೊಳ್ಳುವ ಆಸೆ. ಮತ್ತೆ ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿ ಅಂತ ಎಲ್ಲರೂ ಹೇಳುತ್ತಿದ್ದಾರೆ.

ಹಾಸನ ವೈರ್‌ಮನ್:
ಸ್ವಿಚ್ ಉಳಿಯಬೇಕು ಅಂತಲೇ ರಿಲೇ ಹಾಕುವುದು. 60 ವಾಟಿನ ಎರಡು ಬಲ್ಬ್ ಅಂದರೆ 10 ಆಂಪ್. ಇಷ್ಟು ವರ್ಷ ಅದೆಲ್ಲ ಆ ಸ್ವಿಚ್ಚಿನ ಒಳಗಿನ ತಾಮ್ರದ ಚೂರಿನ ಮೇಲೇ ಹೋಗಿದೆ. ಬೆಳಕು ಮಂದ ಆಗಿದ್ದಕ್ಕೆ ಅದೂ ಒಂದು ಕಾರಣ. ರಿಲೇ ಹಾಕಿದರೆ ಸ್ವಿಚ್ಚಿಗೆ ಬರೀ ರಿಲೇ ಕಾಯಿಲ್‌ನ ಕರೆಂಟು. ರಿಲೇ ಪಿನ್‌ಗಳ ಮೇಲೆ ನಂಬರ್ ಇರುತ್ತದೆ: 30ಕ್ಕೆ ಬ್ಯಾಟರಿ, 87ರಿಂದ ಬಲ್ಬಿಗೆ, 85, 86ರಲ್ಲಿ ಒಂದಕ್ಕೆ ಸ್ವಿಚ್, ಇನ್ನೊಂದಕ್ಕೆ ಅರ್ತ್. ಡಿಮ್‌ಗೆ ಒಂದು ರಿಲೇ, ಬ್ರೈಟ್‌ಗೆ ಒಂದು. ಎಡ ಬಲ ಬಲ್ಬಿಗೆ ಬೇರೆ ಬೇರೆ 10 ಆಂಪ್ ಫ್ಯೂಸ್ ಹಾಕಿ. ರಾತ್ರಿ ಚಾರ್ಮಾಡಿ ಇಳಿಯುವಾಗ ಒಂದು ಹೋದರೆ ಇನ್ನೊಂದು ಇರಬೇಕಲ್ವಾ?

ಆಲ್ಟರ್ನೇಟರ್ ವಿಷಯ. ತೋಟಕ್ಕೆ, ಪೇಟೆಗೆ ಅಷ್ಟೇ ಓಡಿಸುವುದಾದರೆ ಡೈನಮೋ ಇರಲಿ ಅನ್ನುತ್ತೇನೆ ನಾನು. ಐಡಲ್‌ನಲ್ಲಿ ಚಾರ್ಜ್ ಮಾಡುವುದಿಲ್ಲ, ನಿಜ. ಮಳೆಯಲ್ಲಿ ವೈಪರ್, ಲೈಟ್ ಎಲ್ಲಾ ಹಾಕಿಕೊಂಡು ಮೆಲ್ಲಗೆ ಹೋಗುವವರಿಗೆ ಕಷ್ಟ. ಆಲ್ಟರ್ನೇಟರ್ ಹಾಕುವುದೇ ಆದರೆ ಮೊದಲು ಡ್ಯಾಶ್‌ನ ಅಮ್ಮೀಟರ್ (ಕರೆಂಟು ಅಳೆಯುವ ಮೀಟರ್) ನೋಡಿ. ಸೆಲ್ಫ್ ಬಿಟ್ಟು ಬ್ಯಾಟರಿಗೆ ಬರುವ, ಬ್ಯಾಟರಿಯಿಂದ ಹೋಗುವ ಕರೆಂಟೆಲ್ಲಾ ಸಾಮಾನ್ಯವಾಗಿ ಅದರ ಮೂಲಕವೇ ಹೋಗುವುದು. 30 ಆಂಪ್‌ನ ಅಮ್ಮೀಟರ್‌ಗೆ 45 ಆಂಪ್ ಆಲ್ಟರ್ನೇಟರ್ ಕೊಟ್ಟರೆ ಡ್ಯಾಶ್ ಹಿಂದೆ ಹೊಗೆ ಗ್ಯಾರಂಟಿ. ಅದನ್ನು ಬೈಪಾಸ್ ಮಾಡಿ ವೋಲ್ಟ್ ಮೀಟರ್ ಹಾಕಿ. ಡೈನಮೋನೇ ಇಟ್ಟುಕೊಂಡರೂ ಅಮ್ಮೀಟರ್ ಹಿಂದಿನ ನಟ್ ಬಿಗಿ ಇದೆಯಾ ನೋಡಿ. ಬ್ಯಾಟರಿ ಹತ್ತಿರವೇ ಒಂದು ಮೇನ್ ಫ್ಯೂಸ್ ಹಾಕುವುದನ್ನು ಮರೆಯಬೇಡಿ. ಹಳೇ ಗಾಡಿಗಳಲ್ಲಿ ಅದು ಇರುತ್ತಿರಲಿಲ್ಲ.

ಕೊಪ್ಪದ ಹುಡುಗ:
ಮಳೆ ಊರಿನವನಾಗಿ ಒಂದು ಮಾತು. ಸುಕ್ಕು ಸುಕ್ಕಾದ ಕಪ್ಪು ಪೈಪ್ ಹಾಕುತ್ತಾರಲ್ಲ, ಚಾಸಿ ಕೆಳಗೆ ಅದರೊಳಗೆ ನೀರು ನಿಲ್ಲುತ್ತದೆ. ತಗ್ಗು ಇರುವ ಕಡೆ ಒಂದು ತೂತು ಕೊರೆಯಿರಿ. ಜಾಯಿಂಟ್‌ಗೆ ಬರೀ ಬೆಸುಗೆ ಬೇಡ. ಬೆಸುಗೆ ಎಳೆಯೊಳಗೆ ಇಳಿದು ಗಟ್ಟಿಯಾಗುತ್ತದೆ, ನಡುಕಕ್ಕೆ ಅದರ ಅಂಚಿನಲ್ಲೇ ವೈರ್ ತುಂಡಾಗುತ್ತದೆ. ಒಳ್ಳೆ ಕ್ರಿಂಪಿಂಗ್ ಪ್ಲಯರ್‌ನಲ್ಲಿ ಲಗ್ (ವೈರ್ ತುದಿಗೆ ಹಾಕುವ ಲೋಹದ ತುಂಡು) ಒತ್ತಿ, ಮೇಲೆ ಶಾಖಕ್ಕೆ ಕುಗ್ಗುವ ಸ್ಲೀವ್ ಹಾಕಿ. ಇಂಡಿಕೇಟರ್‌ಗೆ ಎಲ್ಇಡಿ ಹಾಕಿದರೆ ಅದನ್ನು ಮಿಣುಕಿಸುವ ಫ್ಲ್ಯಾಷರೂ ಎಲೆಕ್ಟ್ರಾನಿಕ್ ಆಗಬೇಕು. ಹಳೇದು 21 ವಾಟಿನ ಬಲ್ಬ್ ಎಳೆಯುವ ಕರೆಂಟ್ ನಂಬಿ ಕೆಲಸ ಮಾಡುವಂಥದ್ದು.

ಮೂಡಿಗೆರೆ ತೋಟ:
ಡೈನಮೋ ಇಟ್ಟುಕೊಳ್ಳುತ್ತೇನೆ. ಬುಷ್, ಬ್ರಷ್ ಬದಲಾಯಿಸಲು ಬಿಚ್ಚಿಸಿದ್ದೇನೆ. ವಾಪಸ್ ಕೂರಿಸಿದ ಮೇಲೆ ವಿಶೇಷವಾಗಿ ಏನಾದರೂ ಮಾಡಬೇಕಾ?

ಹಾಸನ ವೈರ್‌ಮನ್:
ಮಾಡಬೇಕು. ಬಿಚ್ಚಿದ ಡೈನಮೋಗೆ ಪಾಸಿಟಿವ್, ನೆಗೆಟಿವ್ ದಿಕ್ಕು ಮತ್ತೆ ಕೂರಿಸಬೇಕು. ಮೊದಲು ಗಾಡಿ ನೆಗೆಟಿವ್ ಅರ್ತಾ, ಪಾಸಿಟಿವ್ ಅರ್ತಾ ನೋಡಿಕೊಳ್ಳಿ. ಎಂಜಿನ್ ಆಫ್ ಇರಲಿ. ಡೈನಮೋದ ಮೇಲೆ ಡಿ, ಎಫ್ ಅಂತ ಗುರುತಿರುವ ಎರಡೂ ಕಡೆಯ ವೈರ್ ಕಳಚಿ. ಬ್ಯಾಟರಿಯ ಅರ್ತ್ ಆಗದ ಕಡೆಯಿಂದ ಒಂದು ವೈರ್ ತಂದು ಎಫ್‌ಗೆ ಎರಡು ಮೂರು ಸಲ ಮುಟ್ಟಿಸಿ ತೆಗೆಯಿರಿ. ಸಣ್ಣ ಕಿಡಿ ಬರುತ್ತದೆ, ಹೆದರಬೇಡಿ. ಆಮೇಲೆ ಎರಡೂ ವೈರ್ ಹಾಕಿ ಸ್ಟಾರ್ಟ್ ಮಾಡಿ. ರೇಸ್ ಕೊಟ್ಟಾಗ ಅಮ್ಮೀಟರ್ ಮುಳ್ಳು ಚಾರ್ಜ್ ಕಡೆ ಹೋಗಬೇಕು. ಹೋಗದಿದ್ದರೆ ಕಟೌಟ್‌ನ (ಡೈನಮೋ ಚಾರ್ಜ್ ನೋಡಿಕೊಳ್ಳುವ ಡಬ್ಬಿ) ಫೋಟೋ ಹಾಕಿ, ನೋಡೋಣ.