ಡಯಾಬ್ಲೊ 2 ಆಡಿ ಬೆಳೆದವರು ಡಯಾಬ್ಲೊ 4 ಶುರು ಮಾಡಬಹುದಾ? ಆಡಿದವರು ಹೇಳಿ

ಕಾಲೇಜಿನಲ್ಲಿದ್ದಾಗ ಡಯಾಬ್ಲೊ 2 ಕಂಪ್ಯೂಟರ್ ಗೇಮ್, ಆಮೇಲೆ ಅದರ ವಿಸ್ತರಣೆ ಲಾರ್ಡ್ ಆಫ್ ಡಿಸ್ಟ್ರಕ್ಷನ್ ಎರಡನ್ನೂ ಮನಸಾರೆ ಆಡಿದ್ದೇನೆ. ಅದರಲ್ಲಿ ಸತ್ತವರನ್ನು ಎಬ್ಬಿಸಿ ಕಾದಾಡಿಸುವ ಪಾತ್ರ ನೆಕ್ರೊಮ್ಯಾನ್ಸರ್ ಅಂದ್ರೆ ಪ್ರಾಣ. 3 ಬಂದಾಗ ಆ ಬಣ್ಣ, ಆ ಹೊಳಪು ಯಾಕೋ ಹಿಡಿಸಲಿಲ್ಲ, ಅರ್ಧಕ್ಕೆ ಬಿಟ್ಟೆ. ಈಗ 4 ರಿಯಾಯಿತಿ ದರದಲ್ಲಿ ಸಿಗುತ್ತಿದೆ. ಕೆಲಸ, ಮನೆ, ಮಗು ಎಲ್ಲ ಮುಗಿಸಿ ರಾತ್ರಿ ಒಂದು ಗಂಟೆ ಸಿಕ್ಕರೆ ಜಾಸ್ತಿ. ನನ್ನಂಥವರಿಗೆ ಇದು ಹೊಂದುತ್ತದಾ? ಕಥೆ ಅರ್ಥ ಆಗಲು ಮೊದಲು 3 ಮುಗಿಸಲೇಬೇಕಾ?

---

ಧೈರ್ಯವಾಗಿ ತಗೊಳ್ಳಿ. ನಾನೂ 2 ಆಡಿ 3 ಬಿಟ್ಟವನೇ. 4ರ ಮೊದಲ ಅರ್ಧ ಗಂಟೆಯಲ್ಲೇ ಹಳೇ ಭಯ ವಾಪಸ್ ಬಂತು. ಹಿಮಗಾಳಿಯಲ್ಲಿ ಸಿಕ್ಕಿಕೊಂಡು ನೆವೆಸ್ಕ್ ಅನ್ನೋ ಪುಟ್ಟ ಹಳ್ಳಿ ತಲುಪುತ್ತೀರಿ. ಊರಿನವರು ಕಷ್ಟ ಹೇಳಿಕೊಳ್ಳುತ್ತಾರೆ, ನೀವು ಹೋಗಿ ಪಕ್ಕದ ಪಾಳು ಜಾಗದ ಪಿಶಾಚಿಗಳನ್ನು ಮುಗಿಸಿ ಬರುತ್ತೀರಿ, ಅವರು ಕೂರಿಸಿ ಕುಡಿಯಲು ಕೊಟ್ಟು ಸಂಭ್ರಮ ಮಾಡುತ್ತಾರೆ. ಕುಡಿದದ್ದರಲ್ಲಿ ಮದ್ದು ಹಾಕಿರುತ್ತಾರೆ. ಎಚ್ಚರ ಆಗುವಷ್ಟರಲ್ಲಿ ಆ ಜನರೇ ನಿಮ್ಮನ್ನು ಬಲಿ ಕೊಡಲು ಸಿದ್ಧರಾಗಿರುತ್ತಾರೆ. 3ರಲ್ಲಿ ನಾನು ಹುಡುಕಿ ಸಿಗದೇ ಹೋದದ್ದು ಇದೇ. ಬೆಳಕು ಕಡಿಮೆ, ಮಣ್ಣು, ಕೆಸರು, ಯಾರನ್ನೂ ನಂಬುವ ಹಾಗಿಲ್ಲ.

3 ಮುಗಿಸೋದು ಬೇಡ. ಕಥೆ ಹಲವು ದಶಕಗಳ ನಂತರ ನಡೆಯುತ್ತದೆ. ಒಂದು ವಿಷಯ ಗೊತ್ತಿದ್ದರೆ ಸಾಕು: 3ರ ವಿಸ್ತರಣೆ ರೀಪರ್ ಆಫ್ ಸೋಲ್ಸ್‌ನಲ್ಲಿ ಸಾವಿನ ದೇವದೂತ ಮಾಲ್ತೇಲ್ ಮನುಷ್ಯರನ್ನು ಲೆಕ್ಕವಿಲ್ಲದಷ್ಟು ಕೊಂದುಹಾಕಿದ, ಅದಕ್ಕೇ ಈ ಲೋಕ ಇಷ್ಟು ಖಾಲಿ ಹೊಡೆಯುತ್ತದೆ. ಈ ಸಲದ ಮುಖ್ಯ ವೈರಿ ಲಿಲಿತ್ ಯಾರು ಅಂದ್ರೆ ಮೆಫಿಸ್ಟೊ ಮಗಳು. 2ರ ಮೂರನೇ ಅಂಕದ ಕೊನೆಗೆ ಡ್ಯುರೆನ್ಸ್ ಆಫ್ ಹೇಟ್‌ನಲ್ಲಿ ಹೊಡೆದಿರಲ್ಲ, ಅದೇ ಮೆಫಿಸ್ಟೊ. ಹಾಗಾಗಿ 2 ಆಡಿದವರಿಗೆ ಈ ಕಥೆ ಇನ್ನೂ ಜಾಸ್ತಿ ನಾಟುತ್ತದೆ. 2024ರ ಅಕ್ಟೋಬರ್‌ನಲ್ಲಿ ಬಂದ ವೆಸಲ್ ಆಫ್ ಹೇಟ್ರೆಡ್ ವಿಸ್ತರಣೆಯಲ್ಲಂತೂ ನಹಾಂಟು ಕಾಡು, ಕುರಾಸ್ಟ್ ಎಲ್ಲ ಇದೆ. ಕುರಾಸ್ಟ್ ಹೆಸರು ಕೇಳಿದರೆ ಆ ಕಾಡಿನ ಕುಳ್ಳ ರಾಕ್ಷಸರ ಕಿರುಚಾಟ ಕಿವಿಗೆ ಬರುತ್ತದೆ, ಅಲ್ವಾ? ಆದರೆ ಅದನ್ನು ಈಗಲೇ ಕೊಳ್ಳಬೇಡಿ. ಮೊದಲು ಮೂಲ ಕಥೆ ಮುಗಿಯಲಿ.

ಆಟದ ಕೈಹಿಡಿತ ಮಾತ್ರ ಬೇರೆ. ಇಲ್ಲಿ ಸ್ಪೇಸ್ ಬಾರ್ ಒತ್ತಿದರೆ ಪಕ್ಕಕ್ಕೆ ಜಿಗಿಯುತ್ತೀರಿ. ದೊಡ್ಡ ಬಾಸ್‌ಗಳ ಹೊಡೆತ ನೆಲದ ಮೇಲೆ ಮೊದಲೇ ಕಾಣುತ್ತದೆ, ಅದರಿಂದ ಆಚೆ ಬರೋದೇ ಅರ್ಧ ಯುದ್ಧ. ಮಂತ್ರಶಕ್ತಿ ತುಂಬಿಸುವ ಮನಾ ಬಾಟಲಿ ಇಲ್ಲ, ಸಣ್ಣ ಹೊಡೆತದಿಂದ ಶಕ್ತಿ ತುಂಬಿಸಿಕೊಂಡು ದೊಡ್ಡ ಹೊಡೆತಕ್ಕೆ ಖರ್ಚು ಮಾಡಬೇಕು. ಬೆಲ್ಟ್ ಜೋಡಿಸುವ ಕೆಲಸ, ಚೀಲದಲ್ಲಿ ಈಟಿಗೂ ಕವಚಕ್ಕೂ ಜಾಗ ಹೊಂದಿಸುವ ಕೆಲಸ ಎರಡೂ ಇಲ್ಲ. ಕೆಲವರಿಗೆ ಇದೇ ಬೇಜಾರು. ನನಗೆ ನಿಜವಾಗಿ ಖುಷಿ ಕೊಟ್ಟದ್ದು ಸ್ಕಿಲ್ ಬದಲಿಸುವ ಸ್ವಾತಂತ್ರ್ಯ. 2ರಲ್ಲಿ 2010ರ 1.13 ಪ್ಯಾಚ್ ಬರುವವರೆಗೂ ಒಮ್ಮೆ ಹಾಕಿದ ಪಾಯಿಂಟ್ ಹಾಕಿದ್ದೇ, ತಪ್ಪಿದರೆ ಹೊಸ ಪಾತ್ರ ಮಾಡಬೇಕಿತ್ತು. ಇಲ್ಲಿ ಸ್ವಲ್ಪ ಚಿನ್ನ ಕೊಟ್ಟರೆ ಸಾಕು, ಯಾವಾಗ ಬೇಕಾದರೂ ತೆಗೆದು ಬೇರೆ ಕಡೆ ಹಾಕಬಹುದು.

ಅದಕ್ಕೇ ಕಳಕಳಿಯಿಂದ ಒಂದು ಮಾತು. ಕಥೆ ಮುಗಿಯೋವರೆಗೂ ನೆಟ್‌ನಲ್ಲಿ 'ಬೆಸ್ಟ್ ಬಿಲ್ಡ್', ಅಂದ್ರೆ ಯಾವ ಸ್ಕಿಲ್, ಯಾವ ವಸ್ತು ಅಂತ ಬೇರೆಯವರು ಮಾಡಿಟ್ಟ ಪಟ್ಟಿ, ಹುಡುಕಬೇಡಿ. ಇನ್ನೊಬ್ಬರ ಪಟ್ಟಿ ನೋಡಿಕೊಂಡು ಪಾಯಿಂಟ್ ಹಾಕುತ್ತಾ ಹೋದರೆ ಬಿದ್ದ ವಸ್ತುಗಳನ್ನು ಓದುವ ಆಸೆಯೇ ಹೋಗುತ್ತದೆ, ಆ ಪಟ್ಟಿಯಲ್ಲಿ ಇದೆಯಾ ಇಲ್ಲವಾ ಅಂತ ಮಾತ್ರ ನೋಡುತ್ತೀರಿ. ಒಂದು ಲೆಜೆಂಡರಿ (ವಿಶೇಷ ಗುಣವಿರುವ ವಸ್ತು) ಬಿತ್ತು, ಅದರಲ್ಲಿ ಏನೋ ವಿಚಿತ್ರ ಗುಣ ಇದೆ, ಅದಕ್ಕೆ ಹೊಂದುವ ಹಾಗೆ ನಿಮ್ಮ ಸ್ಕಿಲ್ ಬದಲಿಸಿ ನೋಡಿದಿರಿ, ಇದ್ದಕ್ಕಿದ್ದಂತೆ ಇಡೀ ಗುಂಪು ಒಂದೇ ಏಟಿಗೆ ಸತ್ತುಬಿತ್ತು. ಡಯಾಬ್ಲೊ ಅಂದ್ರೆ ಆ ಕ್ಷಣ ತಾನೇ? ಬೇಡದ ಲೆಜೆಂಡರಿಯನ್ನು ಕಮ್ಮಾರನ ಹತ್ತಿರ ಒಡೆಸಿ. ಅದರ ಗುಣ ಆಟದೊಳಗಿನ ಗುಣಗಳ ಪಟ್ಟಿಯಾದ ಕೋಡೆಕ್ಸ್‌ನಲ್ಲಿ ಉಳಿಯುತ್ತದೆ, ಮುಂದೆ ಬೇರೆ ವಸ್ತುವಿಗೆ ಹಾಕಿಕೊಳ್ಳಬಹುದು.

---

ನೆಕ್ರೊಮ್ಯಾನ್ಸರ್ ಇಷ್ಟ ಅಂದ್ರಿ, ಅದರಿಂದಲೇ ಶುರು ಮಾಡಿ. ಸತ್ತವರ ಹೆಣ ನೆಲದಲ್ಲಿ ಉಳಿಯುತ್ತದೆ, ಅದರಿಂದ ಅಸ್ಥಿಪಂಜರ ಎಬ್ಬಿಸಬಹುದು, ಇಲ್ಲಾ ಕಾರ್ಪ್ಸ್ ಎಕ್ಸ್‌ಪ್ಲೋಷನ್‌ನಿಂದ ಸಿಡಿಸಬಹುದು. ಇದು ನಿಮಗೆ ಗೊತ್ತಿರುವ ಆಟವೇ. ಹೊಸದು ಅಂದ್ರೆ ಬುಕ್ ಆಫ್ ದಿ ಡೆಡ್. ಯೋಧರು ಬೇಕಾ, ಮಂತ್ರವಾದಿಗಳು ಬೇಕಾ, ಅದರಲ್ಲೂ ಯಾವ ತರದವರು ಅಂತ ಅಲ್ಲೇ ಆರಿಸಬೇಕು. ಯಾರೂ ಬೇಡ ಅಂದ್ರೆ ಅವರನ್ನು ತ್ಯಾಗ ಮಾಡಿ ಆ ಬಲವನ್ನು ನೀವೇ ತಗೋಬಹುದು. 2023ರ ಜೂನ್‌ನಲ್ಲಿ ಆಟ ಬಂದಾಗ ಈ ಸೈನ್ಯ ತೀರಾ ಬಡಕಲಾಗಿತ್ತು, ಎರಡು ಏಟಿಗೆ ಪುಡಿಪುಡಿ. ಆಟದಲ್ಲಿ ಆಗಾಗ ಬರುವ ಹೊಸ ಸುತ್ತಿಗೆ ಸೀಸನ್ ಅಂತಾರೆ, 2024ರ ಮೇ ತಿಂಗಳ ನಾಲ್ಕನೇ ಸೀಸನ್‌ನಲ್ಲಿ ಸರಿ ಮಾಡಿದರು. ಆಗಲೇ ವಸ್ತುಗಳ ವ್ಯವಸ್ಥೆಯನ್ನೂ ಪೂರ್ತಿ ಬದಲಿಸಿದರು. ಆ ಮೊದಲಿನ ಬೈಗುಳಗಳನ್ನು ಓದಿ ಹೆದರಬೇಡಿ, ಅವು ಬಹುಪಾಲು ಹಳೇ ಆಟದ ಬಗ್ಗೆ.

---

ನಾನು ಸ್ವಲ್ಪ ಬೇರೆ ಹೇಳುತ್ತೇನೆ. 4 ಆಡಲು ನೆಟ್ ಇರಲೇಬೇಕು, ಒಬ್ಬರೇ ಆಡಿದರೂ. ನಾನಿರುವುದು ಮಲೆನಾಡಿನಲ್ಲಿ. ಜೂನ್ ಬಂತು ಅಂದ್ರೆ ಕರೆಂಟೂ ನೆಟ್ಟೂ ಒಟ್ಟಿಗೆ ಕೈಕೊಡುತ್ತವೆ, ಡಂಜನ್ (ರಾಕ್ಷಸರಿರುವ ಗವಿ) ಮಧ್ಯದಲ್ಲಿ ಸಂಪರ್ಕ ತಪ್ಪಿದರೆ ಮತ್ತೆ ಮೊದಲಿಂದ. ನಿಮ್ಮ ಕಡೆಯೂ ಹಾಗೇ ಇದ್ದರೆ 2021ರಲ್ಲಿ ಬಂದ ಡಯಾಬ್ಲೊ 2 ರಿಸರೆಕ್ಟೆಡ್ ನೋಡಿ. ನೆಟ್ ಇಲ್ಲದೆ ಒಬ್ಬರೇ ಆಡಬಹುದು. ಕೀಬೋರ್ಡಿನಲ್ಲಿ ಜಿ ಒತ್ತಿದರೆ ಹೊಸ ಚಿತ್ರ ಹೋಗಿ ನಮ್ಮ ಹಳೇ ಆಟ ಹಾಗ್ಹಾಗೇ ಎದುರಿಗೆ ಬರುತ್ತದೆ. ಎಷ್ಟು ಸಲ ಸುಮ್ನೆ ಅದನ್ನೇ ಒತ್ತಿ ನೋಡಿದ್ದೇನೋ.

---

ಪುಟ್ಟ ಮಗು ಇರುವವರಿಗೆ ಮುಖ್ಯವಾದದ್ದನ್ನು ಯಾರೂ ಹೇಳಿಲ್ಲ. ಡಯಾಬ್ಲೊ 4ರಲ್ಲಿ ಆಟವನ್ನು ನಡುವೆ ತಡೆದು ನಿಲ್ಲಿಸುವ ಪಾಜ್ ಇಲ್ಲ! ಮಗು ಅತ್ತರೆ ಟೌನ್ ಪೋರ್ಟಲ್ (ಊರಿಗೆ ಹೋಗುವ ಮಾಯಾದ್ವಾರ) ಹಾಕಿ ಊರಿಗೆ ಹೋಗಿ ನಿಲ್ಲಿ. ಅದಕ್ಕೆ ಸ್ಕ್ರೋಲ್ ಬೇಕಿಲ್ಲ, ಕೆಲವೇ ಸೆಕೆಂಡು. ಊರಿನಲ್ಲಿ ಯಾರೂ ಮುಟ್ಟಲ್ಲ, ಆಮೇಲೆ ಅದೇ ಪೋರ್ಟಲ್‌ನಿಂದ ಅದೇ ಜಾಗಕ್ಕೆ ವಾಪಸ್. ಸಮಯ ಕಡಿಮೆ ಇದ್ದ ರಾತ್ರಿ ಸೆಲ್ಲರ್ ಅಂತ ಚಿಕ್ಕ ನೆಲಮಾಳಿಗೆಗಳಿವೆ, ಒಂದೇ ಕೋಣೆ, ಬೇಗ ಮುಗಿಯುತ್ತವೆ. ಸ್ಟ್ರಾಂಗ್‌ಹೋಲ್ಡ್ ಅನ್ನೋ ಶತ್ರುಗಳ ದೊಡ್ಡ ನೆಲೆಗಳನ್ನು ವಾರಾಂತ್ಯಕ್ಕೆ ಇಟ್ಟುಕೊಳ್ಳಿ.

ಬುಚರ್ ಬಗ್ಗೆ ಎಚ್ಚರ. ಮೊದಲ ಡಯಾಬ್ಲೊದ ಅದೇ ಕಟುಕ. ಇಲ್ಲಿ ಯಾವ ಡಂಜನ್‌ನಲ್ಲಿ ಯಾವಾಗ ಬರುತ್ತಾನೆ ಅಂತ ಹೇಳೋಕಾಗಲ್ಲ. ಹೆಡ್‌ಫೋನ್ ಹಾಕಿದ್ದರೆ ಮೊದಲು ಅವನ ದನಿ ಕೇಳುತ್ತದೆ, ಆಮೇಲೆ ಕೊಕ್ಕೆ ಎಸೆದು ಎಳೆದುಕೊಳ್ಳುತ್ತಾನೆ. ಶುರುವಿನಲ್ಲಿ ಸತ್ತರೆ ಬೇಸರ ಮಾಡ್ಕೋಬೇಡಿ. ಅವನನ್ನು ಮೊದಲ ಸಲ ಕೆಡವಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

---

ಯಂತ್ರದ ಬಗ್ಗೆ: ಎಸ್‌ಎಸ್‌ಡಿಯಲ್ಲಿ 90 ಜಿಬಿ ಖಾಲಿ ಜಾಗ ಬೇಕು, ರ‍್ಯಾಮ್ ಕನಿಷ್ಠ 8 ಜಿಬಿ, 16 ಇದ್ದರೆ ನೆಮ್ಮದಿ. ಇನ್‌ಸ್ಟಾಲ್ ಮಾಡುವಾಗ ಹೈ ರೆಸಲ್ಯೂಷನ್ ಚಿತ್ರಗಳ ಟಿಕ್ ತೆಗೆದುಬಿಡಿ, ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಅದರಿಂದ ಲಾಭ ಇಲ್ಲ, ಜಾಗ ಸುಮ್ನೆ ತಿನ್ನುತ್ತದೆ. ಗೇಮ್ ಪಾಸ್ (ಮೈಕ್ರೋಸಾಫ್ಟ್‌ನ ಆಟಗಳ ಚಂದಾ) ಇರುವ ಗೆಳೆಯರಿದ್ದರೆ ಅವರ ಮನೆಯಲ್ಲಿ ಒಮ್ಮೆ ಆಡಿ ನೋಡಿ, 2024ರ ಮಾರ್ಚ್‌ನಿಂದ ಅದರಲ್ಲಿ ಬಂದಿದೆ.

---

ಸೀಸನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸುಮಾರು ಮೂರು ತಿಂಗಳಿಗೊಂದು ಹೊಸದು ಬರುತ್ತದೆ, ಪ್ರತಿ ಸಲ ಹೊಸ ಪಾತ್ರದಿಂದ ಶುರು. ನಿಮ್ಮ ಹತ್ತಿರ ಇರುವ ಒಂದು ಗಂಟೆಗೆ ಅದು ಓಟ ಆಗಿಬಿಡುತ್ತದೆ. ಸೀಸನ್‌ಗೆ ಸೇರದ ಎಟರ್ನಲ್ ಲೋಕದಲ್ಲಿ ಪಾತ್ರ ಮಾಡಿ, ನಿಧಾನಕ್ಕೆ ಆಡಿ. ಮತ್ತೆ, ಪ್ಲೇಸ್ಟೇಷನ್ ಅಥವಾ ಎಕ್ಸ್‌ಬಾಕ್ಸ್ ಇದ್ದರೆ ಒಂದೇ ಟಿವಿಯಲ್ಲಿ ಇಬ್ಬರು ಕೂತು ಆಡಬಹುದು, ಪಿಸಿಯಲ್ಲಿ ಈ ಸೌಲಭ್ಯ ಇಲ್ಲ. ನಾನೂ ನನ್ನ ತಂಗಿಯೂ ಇಡೀ ಕಥೆ ಹಾಗೇ ಮುಗಿಸಿದೆವು, ಅವಳದು ಡ್ರುಯಿಡ್, ಕರಡಿಯಾಗಿ ಮುಂದೆ ನಿಲ್ಲುತ್ತಿದ್ದಳು. ಮನೆಯಲ್ಲಿ ಯಾರಿಗಾದರೂ ಆಸಕ್ತಿ ಇದ್ದರೆ ಪಿಸಿಗೆ ದುಡ್ಡು ಹಾಕುವ ಮುಂಚೆ ಇದನ್ನು ಯೋಚನೆ ಮಾಡಿ.