ಅಪ್‌ಡೇಟ್: ₹6,000ದಾಗ ಹಳೇ ಪಿಸಿಗೆ ಕಡೀಕ ಏನ್ ಹಾಕಿಸಿದೆ

ಹೋದ ತಿಂಗಳು ಕೇಳಿದ್ದೆನಲ್ರೀ, ನಮ್ಮ ಡಿಟಿಪಿ ಅಂಗಡಿಯ ನಿಧಾನ ಆಗಿದ್ದ ಡೆಸ್ಕ್‌ಟಾಪ್‌ಗೆ (ಪ್ರೊಸೆಸರ್ ಐ3-4130) ಗ್ರಾಫಿಕ್ಸ್ ಕಾರ್ಡ್ ಹಾಕಿಸ್ಲೋ, ರ‍್ಯಾಮ್ ಹಾಕಿಸ್ಲೋ ಅಂತ. 'ಕಾರ್ಡ್ ಬಿಡ್ರಿ, ಮೊದ್ಲ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್‌ಗಿಂತ ಭಾಳ ಜೋರು ಓಡೋ ಸ್ಟೋರೇಜ್)' ಅಂದ್ರಿ. ಹಂಗ ಮಾಡೇನಿ.

ಹುಬ್ಬಳ್ಳಿ ಕೊಪ್ಪಿಕರ್ ರೋಡ್ ಕಡೆ ಹೋಗಿ 240 ಜಿಬಿ ಸಾಟಾ ಎಸ್‌ಎಸ್‌ಡಿ, ಸೆಕೆಂಡ್ ಹ್ಯಾಂಡ್ 4 ಜಿಬಿ ರ‍್ಯಾಮ್ ತಂದೆ. ಮನಿಗೆ ಬಂದು ನೋಡಿದ್ರ ರ‍್ಯಾಮ್ ಕೂಡವಲ್ದು! ಅಂಗಡಿಯಾಂವ ಹೊಸ ನಮೂನಿ ಡಿಡಿಆರ್4 ಕೊಟ್ಟಿದ್ದ, ನಮ್ಮ ಮದರ್‌ಬೋರ್ಡ್‌ಗೆ ಹಳೇ ನಮೂನಿ ಡಿಡಿಆರ್3 ಬೇಕು. ನಡುವಿನ ಕಚ್ಚು ಇರೋ ಜಾಗಾನ ಬ್ಯಾರೆ. ಪುಣ್ಯಾಕ್ಕ ಜೋರಾಗಿ ಒತ್ತಲಿಲ್ಲ. ಮರುದಿನ ಬದಲಿ ಮಾಡಿಸ್ಕೊಂಡು ಬಂದೆ. ಎಸ್‌ಎಸ್‌ಡಿಗೆ ಸಾಟಾ ಕೇಬಲ್ ಇರಲಿಲ್ಲ, ಧೂಳು ತಿನ್ಕೋತ ಬಿದ್ದಿದ್ದ ಡಿವಿಡಿ ಡ್ರೈವ್‌ದ್ದ ಕಿತ್ತಿ ಹಚ್ಚಿದೆ.

ಮೊದಲು ಪಿಸಿ ಚಾಲೂ ಮಾಡಿ ಚಾ ಕುಡದು ಬರ್ತಿದ್ದೆ. ಈಗ ಕುರ್ಚಿ ಎಳಕೊಂಡು ಕೂಡೂದ್ರೊಳಗ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ 'ನುಡಿ' ತೆರಕೋತೈತಿ. ಲಗ್ನಪತ್ರಿಕೆ ಫೈಲ್ ತೆಗೆದ್ರ ಹ್ಯಾಂಗ್ ಆಗೂದಿಲ್ಲ. ಹಳೇ ಹಾರ್ಡ್‌ಡಿಸ್ಕ್ ಒಗದಿಲ್ರೀ, ಗಿರಾಕಿಗಳ ಫೈಲ್ ಅದರಾಗ ಅದಾವು.

ಎಲ್ಲಾ ಸೇರಿ ₹3,200 ಆತು. ವಿಂಡೋಸ್ 10ಕ್ಕ 2025ರ ಅಕ್ಟೋಬರ್‌ಗೇ ಸಪೋರ್ಟ್ ಮುಗದೈತಿ, ನಮ್ಮ ಪಿಸಿಯ ಪ್ರೊಸೆಸರ್ ವಿಂಡೋಸ್ 11 ಒಪ್ಪೋ ಪ್ರೊಸೆಸರ್‌ಗಳ ಪಟ್ಟಿಯೊಳಗ ಇಲ್ಲ. ಅದೊಂದು ತಲಿಬ್ಯಾನಿ ಹಂಗ ಉಳೀತು. ಉಳಿದ ರೊಕ್ಕ ಯುಪಿಎಸ್ ಬ್ಯಾಟರಿಗೆ ಎತ್ತಿಟ್ಟೇನಿ, ನಮ್ಮ ಓಣ್ಯಾಗ ಕರೆಂಟ್ ಯಾವಾಗ ಹೋಗತೈತೋ ಹೇಳಾಕ ಬರೂದಿಲ್ಲ.