ಜನವರಿ ಕೊನೆಯಲ್ಲಿ ನ್ಯೂರೆಂಬರ್ಗ್: ಮಡಿಕೇರಿ ಚಳಿಯ ಬಟ್ಟೆ ಸಾಕೇ?

ವಿರಾಜಪೇಟೆ ತೋಟ
ಅರೇಬಿಕಾ ಕುಯ್ಲು ಮುಗಿಸಿ ಅಪ್ಪ, ಅಮ್ಮನನ್ನು ಕರೆದುಕೊಂಡು ಜರ್ಮನಿಯ ನ್ಯೂರೆಂಬರ್ಗ್‌ಗೆ ಹೋಗುವ ಯೋಚನೆ ಇದೆ. ಅಮ್ಮನಿಗೆ ಮಂಡಿನೋವು. ನಮ್ಮ ಸ್ವೆಟರ್, ಜರ್ಕಿನ್ ಸಾಕಾಗುತ್ತದೆಯೇ? ಕೋಟೆ ಹತ್ತಿಸಬಹುದೇ? ಕ್ರಿಸ್ಮಸ್ ಸಂತೆ ಇರುತ್ತದೆಯೇ?

ಸೋಮವಾರಪೇಟೆ ಅಕ್ಕ
ಸಂತೆ ಡಿಸೆಂಬರ್ 24ಕ್ಕೇ ಮುಗಿದಿರುತ್ತದೆ. ಹಳೇ ಊರು ನೋಡುವುದಕ್ಕಾದರೆ ಜನವರಿಯೇ ವಾಸಿ, ಜನಜಂಗುಳಿ ಇರುವುದಿಲ್ಲ.

ಬರೀ ಸ್ವೆಟರ್ ಸಾಲದು. ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ, ಹಗಲಲ್ಲೂ ಎರಡು ಮೂರು ಡಿಗ್ರಿ ಅಷ್ಟೇ. ಒಳಗೆ ಹತ್ತಿ ಬನಿಯನ್ ಹಾಕಿಸಲೇಬೇಡಿ: ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ನಿಂತ ಕೂಡಲೇ ಮೈ ಕೊರೆಯುತ್ತದೆ. ಮೈಗಂಟಿದಂತೆ ಉಣ್ಣೆ ಅಥವಾ ಥರ್ಮಲ್, ಅದರ ಮೇಲೆ ಫ್ಲೀಸ್, ಎಲ್ಲಕ್ಕಿಂತ ಮೇಲೆ ಗಾಳಿ, ನೀರು ತಡೆಯುವ ಜಾಕೆಟ್. ಬಿಗಿ ಶೂಗೆ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತ ಓಡದೆ ಬೆರಳು ಮರಗಟ್ಟುತ್ತವೆ. ದಪ್ಪ ಉಣ್ಣೆಯದು ಒಂದೇ ಜೊತೆ ಹಾಕಿ, ಶೂ ಅರ್ಧ ಸೈಜ್ ದೊಡ್ಡದಿರಲಿ.

ಕುಶಾಲನಗರ
ಅಮ್ಮನ ವಿಷಯದಲ್ಲಿ ಚಳಿಗಿಂತ ನೆಲದ ಕಲ್ಲಿಗೆ ಹೆದರಬೇಕು. ಹಗಲು ಕರಗಿದ ಹಿಮ ರಾತ್ರಿ ಮತ್ತೆ ಹೆಪ್ಪುಗಟ್ಟಿ, ಬೆಳಿಗ್ಗೆ ಕಣ್ಣಿಗೆ ಕಾಣದ ತೆಳು ಪದರವಾಗಿ ಕಲ್ಲಿಗೆ ಅಂಟಿರುತ್ತದೆ. ಉಪ್ಪು, ಜಲ್ಲಿಪುಡಿ ಹಾಕುತ್ತಾರಾದರೂ ಮೂಲೆಗಳಲ್ಲಿ ಉಳಿದಿರುತ್ತದೆ. ಹೊರಗಿನ ಓಡಾಟ 11ರಿಂದ 3ರೊಳಗೆ ಇಟ್ಟುಕೊಳ್ಳಿ. ಬೆಳಕು ಹರಿಯುವುದು 8ರ ಸುಮಾರಿಗೆ, 5ಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ.

ಪೇಟೆ ಚೌಕದಿಂದ ಕೋಟೆಗೆ ನಡೆದರೆ ಏರು ಕಡಿದಾಗಿದೆ. ಅದರ ಬದಲು ಮುಖ್ಯ ರೈಲು ನಿಲ್ದಾಣದಿಂದ ಮೆಟ್ರೊದಲ್ಲಿ ಪ್ಲೆರರ್‌ಗೆ, ಅಲ್ಲಿಂದ 4ನೇ ನಂಬರ್ ಟ್ರಾಮ್‌ನಲ್ಲಿ ಟೀರ್‌ಗಾರ್ಟ್ನರ್‌ಟೋರ್‌ಗೆ ಹೋಗಿ. ಚಿತ್ರಕಾರ ಡ್ಯೂರರ್ 1509ರಿಂದ 1528ರವರೆಗೆ ಬಾಳಿದ ಮನೆ ಆ ಹೆಸರಿನ ಹಳೇ ಊರಬಾಗಿಲ ಪಕ್ಕದಲ್ಲೇ ಇದೆ. ಅಲ್ಲಿಂದ ಕೋಟೆಗೆ ಉಳಿಯುವುದು ಸಣ್ಣ ಏರು. ವಾಪಸ್ಸೂ ಟ್ರಾಮ್‌ನಲ್ಲೇ ಬನ್ನಿ, ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಚಳಿಗಾಲದಲ್ಲಿ ಕೋಟೆ ಸಂಜೆ 4ಕ್ಕೆ ಮುಚ್ಚುತ್ತದೆ. ಡ್ಯೂರರ್ ಮನೆಗೂ ಜರ್ಮನ್ ರಾಷ್ಟ್ರೀಯ ಮ್ಯೂಸಿಯಂಗೂ ಸೋಮವಾರ ರಜೆ.

ವಿರಾಜಪೇಟೆ ತೋಟ
ತುಂಬಾ ಉಪಕಾರವಾಯಿತು. ಒಂದಿಷ್ಟು ಪಂದಿ ಕರಿ ಕಟ್ಟಿಕೊಂಡು ಹೋಗಬಹುದೇ? ಅಪ್ಪನಿಗೆ ಅಲ್ಲಿನ ಊಟ ಸೇರುವುದೋ ಇಲ್ಲವೋ.

ಸೋಮವಾರಪೇಟೆ ಅಕ್ಕ
ಬೇಡವೇ ಬೇಡ. ಯುರೋಪ್ ಒಕ್ಕೂಟದೊಳಕ್ಕೆ ನಮ್ಮಲ್ಲಿಂದ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ, ತುಪ್ಪವೂ ಸೇರಿ. ಅಪ್ಪನಿಗೆ ಹಂದಿ ಇಷ್ಟವಿದ್ದರೆ ಯೋಚನೆ ಬಿಡಿ: ಬೆರಳುದ್ದದ ನ್ಯೂರೆಂಬರ್ಗ್ ಸಾಸೇಜ್ ಹಂದಿಯದೇ, ಮಾರ್ಜೋರಂ ಸೊಪ್ಪು ಹಾಕಿ ಸುಡುತ್ತಾರೆ. ಒಂದು ಬನ್ನಿಗೆ ಮೂರು ಇಟ್ಟು ಕೊಡುತ್ತಾರೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಹಣ್ಣು, ಬ್ರೆಡ್ಡು ಶನಿವಾರವೇ ತಂದಿಟ್ಟುಕೊಳ್ಳಿ.